ಕಾಲುವೆಯ ವಿರಾಮವೂ ದಡದ ಕಟುಸತ್ಯವೂ

ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಮೊದಲ ಪುಸ್ತಕವಾದ ‘ಆ್ಯನ್ ಇನ್‌ಲ್ಯಾಂಡ್ ವಾಯೇಜ್’ 1878ರಲ್ಲಿ ಪ್ರಕಟವಾಯಿತು. 1876ರಲ್ಲಿ ಆತನೂ ಆತನ ಮಿತ್ರ ಸರ್ ವಾಲ್ಟರ್ ಸಿಂಪ್‌ಸನ್ನನೂ ಎರಡು ಕಿರುದೋಣಿಗಳಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿನಿಂದ ಹೊರಟು, ವಿಲ್ಲೆಬ್ರೂಕ್ ಕಾಲುವೆಯ ಮೂಲಕ ಬ್ರಸೆಲ್ಸ್ ಸೇರಿ, ಮುಂದೆ ಉತ್ತರ ಫ್ರಾನ್ಸಿನ ಸಾಂಬ್ರ್ ಮತ್ತು ವಾಜ್ ನದಿಗಳನ್ನೂ ಅವೆರಡನ್ನು ಕೂಡಿಸುವ ಕಾಲುವೆಯನ್ನೂ ಹಿಡಿದು ಪಾಂಟ್ವಾಜ್ ತಲುಪಿದ ವೃತ್ತಾಂತವಿದು. ಇದನ್ನು ವಿರಾಮದ ಕಾವ್ಯವೆಂದು ಹೊಗಳುವುದು ವಾಡಿಕೆ. ಆ ಹೊಗಳಿಕೆ ಕೃತಿಯ ಒಂದು ಮುಖಕ್ಕೆ ಮಾತ್ರ ಸಲ್ಲುತ್ತದೆ. ಅದರ ಹೆಚ್ಚಿನ ಬೆಲೆ ಇನ್ನೊಂದು ಮುಖದಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲ ಮುಖವನ್ನು ನೋಡೋಣ. ಕಾಲುವೆಯ ಸರಕುದೋಣಿಗಳನ್ನು ಸ್ಟೀವನ್‌ಸನ್ ಮುಗ್ಧನಾಗಿ ವರ್ಣಿಸುತ್ತಾನೆ. ದಡದ ಮೇಲೆ ಕುದುರೆ ನಿಧಾನವಾಗಿ ಎಳೆಯುತ್ತದೆ. ದೋಣಿಯೊಳಗೆ ಸಂಸಾರವಿದೆ, ಹೂಕುಂಡಗಳಿವೆ, ಅಡುಗೆಯ ಹೊಗೆಯಿದೆ. ಕಚೇರಿಗೆ ಹೋಗಬೇಕಾದ ಯಾವ ಪದವಿಗಿಂತಲೂ ಈ ದೋಣಿಗನ ಬಾಳೇ ಮೇಲೆಂದು ಆತನ ಮತ. ಬರವಣಿಗೆ ರಮ್ಯವಾಗಿದೆ, ಆದರೆ ಸರಕಿನ ಭಾರ, ಬಾಡಿಗೆಯ ಚಿಂತೆ, ದುಡಿಮೆಯ ದಣಿವುಗಳು ಇದರಲ್ಲಿ ಬಹುಮಟ್ಟಿಗೆ ಮರೆಯಾಗಿಯೇ ಉಳಿಯುತ್ತವೆ. ಈ ಆದರ್ಶದ ಮಿತಿಯನ್ನು ಪುಸ್ತಕವೇ ತೋರಿಸಿಕೊಡುತ್ತದೆ. ಬ್ರಸೆಲ್ಸಿನಿಂದ ಶಾರ್ಲರ್‌ವಾದವರೆಗೆ 55 ಲಾಕುಗಳು, ಅಂದರೆ ನೀರಿನ ಮಟ್ಟವನ್ನು ಏರಿಳಿಸಿ ದೋಣಿ ದಾಟಿಸುವ ಬಾಗಿಲುಕಟ್ಟೆಗಳು, ಇವೆಯೆಂದು ತಿಳಿದೊಡನೆ ಮಿತ್ರರಿಬ್ಬರೂ ದೋಣಿಗಳ ಸಮೇತ ರೈಲು ಹತ್ತಿದರು. ದೋಣಿಗನಿಗೆ ಅಂಥ ಆಯ್ಕೆಯಿರಲಿಲ್ಲ. ಬೇಕಾದಾಗ ಬಿಡಬಹುದಾದ ಬಾಳು ಯಾರಿಗಾದರೂ ಸುಂದರವಾಗಿಯೇ ಕಂಡೀತು.

ಇಷ್ಟೇ ಆಗಿದ್ದರೆ ಕೃತಿಯನ್ನು ಧನಿಕ ತರುಣರ ವಿಹಾರವೆಂದು ಬದಿಗಿಡಬಹುದಾಗಿತ್ತು. ಆದರೆ ದೋಣಿಯಿಂದಿಳಿದು ಊರು ಹೊಕ್ಕೊಡನೆ ಚಿತ್ರ ಬದಲಾಗುತ್ತದೆ. ಹೆಗಲ ಮೇಲೆ ಚೀಲ ಹೊತ್ತ ಈ ಇಬ್ಬರನ್ನು ಪೋಂ-ಸ್ಯುರ್-ಸಾಂಬ್ರ್ ಗ್ರಾಮದ ಜನ ಊರೂರು ಸುತ್ತುವ ಚಿಲ್ಲರೆ ವ್ಯಾಪಾರಿಗಳೆಂದು ಭಾವಿಸುತ್ತಾರೆ. ಅಲ್ಲಿಯೇ ತಂಗಿದ್ದ ನಿಜವಾದ ವ್ಯಾಪಾರಿಯ ಸಂಸಾರಕ್ಕೆ ಇವರಿಗಿಂತ ಹೆಚ್ಚಿನ ಮರ್ಯಾದೆ ದೊರೆಯುತ್ತದೆ. ಸ್ಟೀವನ್‌ಸನ್ ಇದನ್ನು ನಗುತ್ತಲೇ ಹೇಳಿದರೂ ಅಲ್ಲಿಂದ ಒಂದು ಗಂಭೀರ ವಿಚಾರಕ್ಕೆ ಹೊರಳುತ್ತಾನೆ: ಬಡವನು ತನ್ನ ಊಟವನ್ನು ತನಗಿಂತ ಬಡವನ ಕಣ್ಣೆದುರಿನಲ್ಲಿಯೇ ಉಣ್ಣಬೇಕಾಗುತ್ತದೆ, ಧನಿಕನಿಗೆ ಆ ನೋಟವೇ ತಪ್ಪಿಹೋಗಿದೆ, ಬಡವರಲ್ಲಿ ದಾನಬುದ್ಧಿ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಹೂಕುಂಡಗಳ ವರ್ಣನೆಯಲ್ಲಿ ಇಲ್ಲದ ತೂಕ ಈ ಮಾತಿನಲ್ಲಿದೆ. ಮುಂದೆ ಲಾ ಫೇರ್ ಪಟ್ಟಣದಲ್ಲಿ ಮಳೆಯಲ್ಲಿ ತೊಯ್ದು ಬಂದವರನ್ನು ವಸತಿಗೃಹದೊಡತಿ ಹೊರಗಟ್ಟಿದಾಗ ಆತನ ಸೌಮ್ಯ ಶೈಲಿ ಕೋಪದಿಂದ ಕಂಪಿಸುತ್ತದೆ. ಸಮಾಜದ ಕಟ್ಟುಪಾಡುಗಳನ್ನು ಮೇಲಿನಿಂದ ಮೆಚ್ಚುತ್ತಿದ್ದವನಿಗೆ ಅವು ಕೆಳಗಿನಿಂದ ಹೇಗೆ ಕಾಣುತ್ತವೆಂಬುದು ಒಂದು ರಾತ್ರಿಯಲ್ಲಿ ತಿಳಿಯಿತು.

ಆ ಅರಿವು ಒಂದೇ ರಾತ್ರಿಯದೆಂಬುದೂ ನಿಜವೇ. ಜೇಬಿನಲ್ಲಿ ಹಣವಿದ್ದವನ ಅವಮಾನವನ್ನು ನಿರ್ಗತಿಕನ ಅವಮಾನಕ್ಕೆ ಸರಿಗಟ್ಟಲಾಗದು. ಆದರೂ ಲೇಖಕನು ಆ ಪೆಟ್ಟನ್ನು ಬಚ್ಚಿಡಲಿಲ್ಲ. ಪ್ರವಾಸಕಥನಗಳನ್ನು ಕಂಡ ಸ್ಥಳಗಳ ಸಂಖ್ಯೆಯಿಂದಲೋ ವರ್ಣನೆಯ ಸೊಗಸಿನಿಂದಲೋ ಅಳೆಯುವ ರೂಢಿ ನಮ್ಮಲ್ಲಿ ಸಾಕಷ್ಟು ಬೇರೂರಿದೆ. ಪರಭಾಷೆಯ ನಗರಗಳಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬಲ್ಲೆವು: ಲೇಖಕನು ಊರನ್ನು ಹೇಗೆ ಕಂಡನೆಂಬುದರ ಜೊತೆಗೆ, ಊರು ಅವನನ್ನು ಯಾರೆಂದು ಕಂಡಿತು? ಬಾಡಿಗೆಮನೆಯ ಬಾಗಿಲಲ್ಲಿ ನಿಂತು ಉತ್ತರಕ್ಕೆ ಕಾದವರಿಗೆ ಈ ಪ್ರಶ್ನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಸ್ಟೀವನ್‌ಸನ್ನನ ಈ ಸಣ್ಣ ಪುಸ್ತಕ ಆ ಪ್ರಶ್ನೆಗೆ ಪ್ರಾಮಾಣಿಕವಾದ, ಅಪೂರ್ಣವಾದ ಉತ್ತರವನ್ನು ಕೊಡುತ್ತದೆ. ಅದನ್ನು ಇಂದಿಗೂ ಓದಬೇಕಾದದ್ದು ಈ ಕಾರಣಕ್ಕಾಗಿ.