ಒಂದು ಸೆಂಟ್ ಮಳೆಗೆ ಮೂರು ಕಿವಿ

ಕೊಡಗಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ತೋಟದ ಮಳೆಮಾಪಕವನ್ನು ಕಂಪ್ಯೂಟರಿಗೆ ಜೋಡಿಸಿದಾಗಲೂ ನಾನು ಆ ಲೆಕ್ಕ ಬಿಡಲಿಲ್ಲ. ಮಾಪಕದೊಳಗಿನ ಪುಟ್ಟ ಬಟ್ಟಲು ತುಂಬಿ ಒಮ್ಮೆ ಮಗುಚಿದರೆ ಒಂದು ಸೆಂಟ್. ಮಗುಚಿದಾಗಲೆಲ್ಲ ಒಂದು ಸಾಲು ಡೇಟಾ ಬರುತ್ತದೆ. ಅದಕ್ಕಾಗಿ ಕಾದು ಕುಳಿತ ಫಂಕ್ಷನ್ ಲೆಕ್ಕಕ್ಕೆ ಒಂದು ಕೂಡಿಸುತ್ತದೆ. ಹೀಗೆ ಡೇಟಾ ಬರುವಂಥ ಘಟನೆಯನ್ನು ಇವೆಂಟ್ ಎಂದೂ, ಅದಕ್ಕೆ ಕಾದು ಕೂರುವ ಫಂಕ್ಷನ್ನನ್ನು ಲಿಸನರ್ ಎಂದೂ ಅನ್ನುವುದು.

ಮಾರ್ಚಿನಲ್ಲಿ ಹೂಮಳೆ ಬಂತು. ಪರದೆಯ ಮೇಲೆ 120 ಸೆಂಟ್. ರೊಬಸ್ಟಾಕ್ಕೆ ಇಷ್ಟು ಸಾಕು, ಈ ವರ್ಷ ಸ್ಪ್ರಿಂಕ್ಲರ್ ಬೇಡ ಎಂದುಕೊಂಡು ಅಂಗಳಕ್ಕೆ ಇಳಿದು ಹಳೆಯ ಗಾಜಿನ ಅಳತೆ ನೋಡಿದೆ. ಅದರಲ್ಲಿದ್ದದ್ದು ಬರೀ 40. ಆ ಪರದೆಯನ್ನೇ ನಂಬಿದ್ದರೆ ಅರ್ಧ ನೆನೆದ ಮೊಗ್ಗುಗಳು ಗಿಡದಲ್ಲೇ ಕೆಡುತ್ತಿದ್ದವು. ಸಂಜೆಯೇ ಪಂಪ್ ಹಚ್ಚಿದೆವು.

ತಪ್ಪು ಮಾಪಕದ್ದಲ್ಲ, ನನ್ನ ಕೋಡಿನದು. ಮಳೆಗೆ ಮೊದಲು ಗಾಳಿಗೆ ಎರಡು ಸಲ ಕರೆಂಟ್ ಹೋಗಿ ಬಂದಿತ್ತು. ಯುಪಿಎಸ್ ಇದ್ದುದರಿಂದ ಕಂಪ್ಯೂಟರ್ ನಿಲ್ಲಲಿಲ್ಲ, ಮಾಪಕದ ಸಂಪರ್ಕ ಮಾತ್ರ ಕಡಿದು ಮತ್ತೆ ಕೂಡಿತು. ಕೂಡಿದಾಗಲೆಲ್ಲ ನನ್ನ ಪ್ರೋಗ್ರಾಂ ಹೊಸ ಲಿಸನರ್ ಹಚ್ಚಿತು, ಹಳೆಯದನ್ನು ತೆಗೆಯಲಿಲ್ಲ. ಒಂದು ಬಟ್ಟಲು ಮಗುಚಿದ್ದನ್ನು ಮೂರು ಲಿಸನರ್‌ಗಳು ಎಣಿಸಿದವು.

ನಾನು ಬಳಸುವುದು ಜಾವಾಸ್ಕ್ರಿಪ್ಟ್ ಓಡಿಸುವ ನೋಡ್, 2009ರಲ್ಲಿ ರಯಾನ್ ಡಾಲ್ ಹೊರತಂದದ್ದು. ಒಂದೇ ಇವೆಂಟಿಗೆ ಹತ್ತಕ್ಕಿಂತ ಹೆಚ್ಚು ಲಿಸನರ್ ಸೇರಿದರೆ ಅದು ಎಚ್ಚರಿಕೆ ಕೊಡುತ್ತದೆ. ಹಲವರು ಆ ಮಿತಿಯನ್ನೇ ಏರಿಸಿ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ನಿಜವಾಗಿ ಹನ್ನೊಂದು ಬೇಕಾದ ಕಡೆ ಏರಿಸಲಿ. ಏಕೆ ಸೇರಿದವೆಂದು ಗೊತ್ತಿಲ್ಲದೆ ಏರಿಸಬಾರದು. ನನ್ನ ಮೂರಕ್ಕಂತೂ ಎಚ್ಚರಿಕೆಯೂ ಬಂದಿರಲಿಲ್ಲ.

ಸರಿಮಾಡಲು ಹೋದಾಗ ಇನ್ನೊಂದು ತೊಡಕು. ‘ಆನ್’ ಎಂದು ಹಚ್ಚಿದ್ದನ್ನು ‘ಆಫ್’ ಎಂದು ತೆಗೆಯಬೇಕಾದರೆ ಹಚ್ಚಿದ ಅದೇ ಫಂಕ್ಷನ್ನನ್ನು ತೋರಿಸಬೇಕು. ಹೆಸರಿಲ್ಲದ ಫಂಕ್ಷನ್ ಹಚ್ಚಿ, ಅಕ್ಷರಕ್ಷರ ಅದರಂತೆಯೇ ಇನ್ನೊಂದು ಬರೆದು ‘ಆಫ್’ ಅಂದರೆ ಏನೂ ಆಗುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಆದ್ದರಿಂದ ಫಂಕ್ಷನ್ನಿಗೆ ಹೆಸರಿಟ್ಟು ಕೈಯಲ್ಲಿ ಇಟ್ಟುಕೊಳ್ಳಿ. ಒಂದೇ ಸಲ ಬೇಕಾದ್ದಕ್ಕೆ ‘ಒನ್ಸ್’ ಇದೆ, ಇವೆಂಟ್ ಬಂದೊಡನೆ ಮೊದಲು ತಾನೇ ಕಳಚಿಕೊಂಡು ಆಮೇಲೆ ಕೆಲಸ ಮಾಡುತ್ತದೆ. ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕುವ ಆಜ್ಞೆಯೂ ಇದೆ. ಅದನ್ನು ಮುಟ್ಟಬೇಡಿ, ಲೈಬ್ರರಿ ತನಗಾಗಿ ಹಚ್ಚಿಕೊಂಡದ್ದೂ ಅದರೊಂದಿಗೆ ಹೋಗುತ್ತದೆ. ‘ಎರರ್’ ಇವೆಂಟಿಗೆ ಮಾತ್ರ ಸದಾ ಒಂದು ಲಿಸನರ್ ಇರಲೇಬೇಕು, ಇಲ್ಲದಿದ್ದರೆ ಮೊದಲ ದೋಷಕ್ಕೇ ಇಡೀ ಪ್ರೋಗ್ರಾಂ ಬೀಳುತ್ತದೆ.

ಇನ್ನೊಂದು ಮಾತು. ‘ಡೇಟಾ’ ಲಿಸನರ್ ತೆಗೆದ ಮಾತ್ರಕ್ಕೆ ಡೇಟಾ ಹರಿದುಬರುವ ಸ್ಟ್ರೀಮ್ ನಿಲ್ಲುವುದಿಲ್ಲ. ಹಿಡಿಯುವವರಿಲ್ಲದೆ ಹರಿದ ಡೇಟಾ ಮತ್ತೆ ಸಿಗದು. ಮೊದಲು ಸ್ಟ್ರೀಮನ್ನು ತಡೆದು ನಿಲ್ಲಿಸಿ, ಆಮೇಲೆ ಲಿಸನರ್ ಬದಲಿಸಿ.

ಜೂನ್ ಮಳೆ ಹಿಡಿಯುವ ಮುಂಚೆ ಮಾಪಕದ ಕೇಬಲನ್ನು ಹತ್ತು ಸಲ ಕಿತ್ತು ಚುಚ್ಚಿ. ಆಮೇಲೆ ಬಟ್ಟಲನ್ನು ಬೆರಳಿನಿಂದ ಒಂದೇ ಸಲ ಮಗುಚಿ. ಪರದೆಯ ಮೇಲೆ ಒಂದೇ ಸೆಂಟ್ ಏರಬೇಕು.