ಕಾಲು ತೆಗೆದರೂ ನಡೆಯುವ ಗಾಡಿ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಬಿಟ್ಟು ಕುಳಗೇರಿ ಕ್ರಾಸ್‌ನಲ್ಲಿ ಬಾದಾಮಿ ಕಡೆ ಹೊರಳಿದರೆ ಹಳೆ ಡೀಸೆಲ್ ಗಾಡಿಯ ಗುಣ ಚೆನ್ನಾಗಿ ತಿಳಿಯುತ್ತದೆ. ಬನದ ಹುಣ್ಣಿಮೆಯ ಹೊತ್ತಿಗಂತೂ ಬನಶಂಕರಿ ಜಾತ್ರೆಗೆ ಹೊರಟ ಚಕ್ಕಡಿ, ಟ್ರ್ಯಾಕ್ಟರುಗಳ ಹಿಂದೆ ಆಮೆನಡಿಗೆಯೇ ಗತಿ.

1986ರಲ್ಲಿ ಬಂದ ಟಾಟಾ 407ರಂಥ ಹಳೆ ಗಾಡಿ ಕೊಂಡು, ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆಗಾಡಿ ಮಾಡಿಕೊಳ್ಳುವವರು ಒಳಾಂಗಣದ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ. ಆಕ್ಸಿಲರೇಟರ್ ಯಾವುದಕ್ಕೆ ಕಟ್ಟಿದೆ ಎಂದು ಕೇಳುವವರು ಕಡಿಮೆ. ಕೇಳಬೇಕು. ಇನ್ನೂರು ಲೀಟರ್ ನೀರೆಂದರೆ ಎರಡು ಕ್ವಿಂಟಲ್ ಭಾರ. ಮನೆಗಾಡಿ ಎಂದೂ ಖಾಲಿ ಓಡುವುದಿಲ್ಲ.

ಪೆಡಲಿನ ಕೊನೆ ಇರುವುದು ಇಂಧನ ಪಂಪಿನಲ್ಲಿ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಮಾಡುತ್ತಿದ್ದ ಪಂಪಿನಿಂದಾಗಿ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಅದು ಮೈಕೋ ಪಂಪು. ಅದರ ಬೆನ್ನಿಗೆ ಗವರ್ನರ್. ಎಂಜಿನ್ ಜೋರಾದರೆ ಒಳಗೆ ತಿರುಗುವ ತೂಕಗಳು ಹೊರಕ್ಕೆ ಚಾಚಿ, ಡೀಸೆಲ್ ಅಳೆಯುವ ರ‍್ಯಾಕ್ ಕಡ್ಡಿಯನ್ನು ಹಿಂದೆಳೆಯುತ್ತವೆ. ವೇಗ ಕುಸಿದರೆ ಸ್ಪ್ರಿಂಗ್ ಅದನ್ನು ಮುಂದೆ ತಳ್ಳುತ್ತದೆ.

ಜಾತ್ರೆಯ ಸಾಲಿನಲ್ಲಿ ಇದರ ಸೊಗಸು ನೋಡಬೇಕು. ಮೊದಲ ಗೇರು ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗಾಡಿ ತಾನೇ ನಡೆಯುತ್ತದೆ. ಸಣ್ಣ ಉಬ್ಬು ಎದುರಾದಾಗ ಎಂಜಿನ್ನಿನ ದನಿ ಒಂದು ಕ್ಷಣ ತಗ್ಗಿ, ಗಟ್ಟಿಯಾಗಿ, ಹತ್ತಿಬಿಡುತ್ತದೆ. ನೀವು ಏನನ್ನೂ ಮುಟ್ಟಿಲ್ಲ. ಇಲ್ಲಿಯ ಡ್ರೈವರ್‌ಗಳು ‘ಹಾಫ್ ಕ್ಲಚ್ ಹಿಡೀಬ್ಯಾಡ್ರಿ’ ಎನ್ನುವುದು ಇದಕ್ಕೇ. ಹಿಡಿದರೆ ಸುಡುವುದು ಕ್ಲಚ್ ಪ್ಲೇಟು.

ಇಳಿಜಾರಿನಲ್ಲಿ ಮಾತ್ರ ಗವರ್ನರನ್ನು ನಂಬಿ ಕೂರುವಂತಿಲ್ಲ. ಅದು ಡೀಸೆಲ್ ನಿಲ್ಲಿಸಬಲ್ಲದು, ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುವುದನ್ನು ತಡೆಯಲಾರದು. ಗುಡ್ಡ ಇಳಿಯುವ ಮೊದಲೇ ಗೇರು ಇಳಿಸಿ. ಸಿಂಕ್ರೊ ಸವೆದು ಗೇರು ಕರಕರ ಎಂದರೆ ಡಬಲ್ ಕ್ಲಚ್: ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಎಂಜಿನ್ ಕೊಂಚ ಏರಿಸಿ, ಮತ್ತೆ ಒತ್ತಿ ಕೆಳಗಿನ ಗೇರಿಗೆ ಹಾಕುವುದು. ಇಳಿಜಾರಿನ ನಡುವೆ ಇದನ್ನು ಕಲಿಯಲು ಹೋಗಬೇಡಿ.

ಇನ್ನೊಂದು, ಸ್ಟಾಪ್ ನಾಬ್. ಡೀಸೆಲ್‌ಗೆ ಕಿಡಿ ಬೇಕಿಲ್ಲ, ಹಾಗಾಗಿ ಇಂಥ ಗಾಡಿಗಳಲ್ಲಿ ಕೀಲಿ ತಿರುಗಿಸಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ನಾಬ್ ಎಳೆದರೆ ಕೇಬಲ್ ರ‍್ಯಾಕನ್ನು ಸೊನ್ನೆಗೆ ತರುತ್ತದೆ. ಹಳೆ ಗಾಡಿ ಕೊಳ್ಳುವಾಗ ಅದನ್ನು ಎಳೆದು ನೋಡಿ. ಎಂಜಿನ್ ಕೂಡಲೇ ನಿಲ್ಲದಿದ್ದರೆ ಕೇಬಲ್ ಸರಿಮಾಡಿಸದೆ ಗಾಡಿ ಮನೆಗೆ ತರಬೇಡಿ.