ಅಂಚೆಗೆ ಬಿದ್ದ ಅಕ್ಷರ: ದೃಶ್ಯಕಾವ್ಯ ಮತ್ತು ನಮ್ಮ ವಿಮರ್ಶೆ

ದೃಶ್ಯಕಾವ್ಯ ಅಂದಕೂಡಲೇ ನಮ್ಮ ಗೆಳೆಯರಲ್ಲಿ ಹಲವರು ಮೂಗು ಮುರಿಯುತ್ತಾರೆ. ಅಕ್ಷರಗಳನ್ನು ಚಿತ್ರದ ಹಾಗೆ ಜೋಡಿಸೋದು, ರಬ್ಬರ್ ಸ್ಟಾಂಪು ಒತ್ತೋದು, ಕಾರ್ಡಿಗೆ ಅಂಟಿಸಿ ಅಂಚೆಗೆ ಹಾಕೋದು ಹೊಟ್ಟೆ ತುಂಬಿದವರ ಆಟ ಎಂಬುದು ಅವರ ವಾದ. ಅಕ್ಷರ ನಮ್ಮ ಕೈಗೆ ಸಿಕ್ಕಿದ್ದೇ ನಿನ್ನೆ ಮೊನ್ನೆ, ಅದನ್ನೇ ಒಡೆಯೋದಾ ಅಂತ ಕೇಳುತ್ತಾರೆ. ಶತಮಾನಗಳ ಕಾಲ ಅಕ್ಷರವಂಚಿತವಾದ ಸಮುದಾಯ ಈ ಪ್ರಶ್ನೆ ಕೇಳುವುದು ನ್ಯಾಯವೇ. ಆದರೆ ಅಕ್ಷರವನ್ನು ಯಾರು, ಎಲ್ಲಿ, ಯಾವ ಒತ್ತಡದಲ್ಲಿ ಒಡೆದರು ಎಂಬುದನ್ನು ನೋಡದೆ ತೀರ್ಪು ಕೊಡುವುದು ವಿಮರ್ಶೆಯ ಕೆಲಸವಲ್ಲ.

ದಕ್ಷಿಣ ಅಮೆರಿಕದ ಉರುಗ್ವೆ ದೇಶವನ್ನು ತೆಗೆದುಕೊಳ್ಳೋಣ. ಅಲ್ಲಿ 1973ರಲ್ಲಿ ಸರ್ವಾಧಿಕಾರ ಬಂತು. ಪತ್ರಿಕೆ, ಸಭೆ, ಸಂಘಟನೆಗಳ ಬಾಯಿ ಕಟ್ಟಲಾಯಿತು. ಆಗಲೇ 'ಓವುಂ' ಎಂಬ ಸಣ್ಣಪತ್ರಿಕೆ ನಡೆಸುತ್ತಿದ್ದ ಕವಿ ಕ್ಲೆಮೆಂತೆ ಪದೀನ್ 1974ರಲ್ಲಿ ಮೊಂತೆವಿದೆಯೊ ನಗರದಲ್ಲಿ ಅಂಚೆ ಕಾರ್ಡುಗಳ ಪ್ರದರ್ಶನ ಏರ್ಪಡಿಸಿದ. ಈ ಅಂಚೆ ಕಲೆಯ ಬಳಗಕ್ಕೆ ಕೆಲವೇ ರಿವಾಜುಗಳು: ಆಯ್ಕೆ ಸಮಿತಿ ಇಲ್ಲ, ಶುಲ್ಕ ಇಲ್ಲ, ಬಂದದ್ದನ್ನೆಲ್ಲ ತೂಗುಹಾಕಬೇಕು, ಭಾಗವಹಿಸಿದವರ ಪಟ್ಟಿಯನ್ನು ಎಲ್ಲರಿಗೂ ಕಳಿಸಬೇಕು. ಕೃತಿಗೂ ಓದುಗನಿಗೂ ನಡುವೆ ತೀರ್ಪುಗಾರನೇ ಇಲ್ಲ.

ಇದನ್ನು ಆಟ ಅಂತ ಪ್ರಭುತ್ವ ತಿಳಿಯಲಿಲ್ಲ. 1977ರ ಆಗಸ್ಟಿನಲ್ಲಿ ಪದೀನ್ ಮತ್ತು ಅವನ ಗೆಳೆಯ ಹೋರ್ಹೆ ಕರಬಾಯೊ ಇಬ್ಬರನ್ನೂ ಹಿಡಿದು ಒಳಗೆ ಹಾಕಿತು. ಸೇನೆಯನ್ನು ಅವಮಾನಿಸಿದರು ಎಂಬುದು ಆರೋಪ. ಪದೀನ್‌ಗೆ ನಾಲ್ಕು ವರ್ಷದ ಶಿಕ್ಷೆಯಾಯಿತು. ಹಲವು ದೇಶಗಳಿಂದ ಅದೇ ಅಂಚೆ ಬಳಗದವರು ಒತ್ತಡ ಹಾಕಿದ ಮೇಲೆ 1979ರಲ್ಲಿ ಅವನು ಹೊರಗೆ ಬಂದ. ಬ್ರೆಜಿಲ್‌ನ ರೆಸಿಫೆಯಲ್ಲಿ 1976ರಲ್ಲಿ ಪಾಲೊ ಬ್ರುಸ್ಕಿ ಮತ್ತು ದಾನಿಯೆಲ್ ಸಾಂತಿಯಾಗೊ ನಡೆಸಿದ ಪ್ರದರ್ಶನವನ್ನು ಪೊಲೀಸರು ಮುಚ್ಚಿಸಿ, ಇಬ್ಬರನ್ನೂ ಬಂಧಿಸಿದರು. ಅರ್ಜೆಂಟೀನಾದ ಎದ್ಗಾರ್ದೊ ಅಂತೋನಿಯೊ ವಿಗೊ ಕೋರ್ಟಿನ ನೌಕರ. ಅದೇ 1976ರಲ್ಲಿ ಅವನ ಮಗ ಪಾಲೊಮೊನನ್ನು ಹೊತ್ತೊಯ್ದರು; ಹುಡುಗ ಹಿಂದಿರುಗಲಿಲ್ಲ. ಮಗನನ್ನು ಬಿಡಿ ಎನ್ನುವ ಮಾತನ್ನೇ ಸ್ಟಾಂಪು ಮಾಡಿ ಆ ತಂದೆ ದೇಶದೇಶಕ್ಕೆ ಅಂಚೆಯಲ್ಲಿ ಕಳಿಸಿದ. ಮೊಹರು, ಚೀಟಿ, ಲಕೋಟೆ ಎಲ್ಲ ಪ್ರಭುತ್ವದ ಆಯುಧಗಳು. ಅವನ್ನೇ ಅದರ ಕಡೆಗೆ ತಿರುಗಿಸಿದ್ದು ಇಲ್ಲಿ ಮುಖ್ಯ.

ಇನ್ನೊಂದು ಅಂಶ ರೂಪದ್ದು. ಸ್ಪ್ಯಾನಿಶ್‌ನಲ್ಲಿ ರೊಟ್ಟಿ ಮತ್ತು ಶಾಂತಿ ಎಂಬ ಪದಗಳಿಗೆ ಕೊನೆಯ ಒಂದಕ್ಷರದ ವ್ಯತ್ಯಾಸ. ಆ ಅಕ್ಷರವನ್ನು ಅಡ್ಡ ಮಲಗಿಸಿದರೆ ಒಂದು ಪದ ಇನ್ನೊಂದಾಗುತ್ತೆ. ಪದೀನ್ ಕೆಲಸ ಮಾಡಿದ್ದು ಇಂಥ ಕಡೆ. ಹಸಿದವನಿಗೆ ಶಾಂತಿಪಾಠ ಹೇಳುವವರಿಗೆ ಇದಕ್ಕಿಂತ ಚಿಕ್ಕ ಉತ್ತರ ಬೇಕೆ? ವಸ್ತುವನ್ನಷ್ಟೇ ಹುಡುಕುವ ನಮ್ಮ ವಿಮರ್ಶೆ ಇದನ್ನು ಗಮನಿಸಬೇಕಾಗಿದೆ.

ಹಾಗಂತ ಈ ಚಳವಳಿಗೆ ಹಾರ ಹಾಕಿ ಕೂರಿಸಬೇಕಿಲ್ಲ. 'ಎಲ್ಲರಿಗೂ ಮುಕ್ತ' ಎನ್ನುವ ಮಾತಿನ ಹಿಂದೆ ಅಕ್ಷರ ಇದೆ, ಅಂಚೆಯ ಕಾಸು ಇದೆ, ಎಲ್ಲಕ್ಕಿಂತ ಮೊದಲು ಒಂದು ವಿಳಾಸ ಇದೆ. ನಮ್ಮಲ್ಲಿ ವಿಳಾಸವೇ ಜಾತಿ. ಅಂಚೆಯವನು ಕೇರಿಯೊಳಕ್ಕೆ ಕಾಲಿಡದೆ, ಹೊರಗೇ ನಿಂತು ಹೆಸರು ಕೂಗಿ ಕಾಗದ ಎಸೆದು ಹೋಗ್ತಿದ್ದ ಕಾಲವನ್ನು ನಮ್ಮ ಅವ್ವ ಈಗಲೂ ಹೇಳ್ತಾಳೆ. ತೀರ್ಪುಗಾರನಿಲ್ಲದ ಕಡೆಯೂ ಬಾಗಿಲು ಇರುತ್ತೆ. ಅಂಬೇಡ್ಕರ್ ಅವರು 1920ರಲ್ಲಿ 'ಮೂಕನಾಯಕ' ಶುರುಮಾಡಿದಾಗ ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಒಳಗೆ ಬಿಡದವರ ಮುಂದೆ ನಿಲ್ಲದೆ ತನ್ನದೇ ಪತ್ರಿಕೆ ಕಟ್ಟುವುದು ನಮಗೆ ಆಟವಾಗಿರಲಿಲ್ಲ.

ಮೊಂತೆವಿದೆಯೊದಲ್ಲಿ ಕಾರ್ಡುಗಳು ಓಡಾಡುತ್ತಿದ್ದ ವರ್ಷಗಳಲ್ಲೇ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳು ಪುಸ್ತಕಕ್ಕಿಂತ ಹೆಚ್ಚಾಗಿ ಜಾಥಾಗಳಲ್ಲಿ, ಬಾಯಿಂದ ಬಾಯಿಗೆ ಹೋದವು. ಸ್ಟಾಂಪು ಬೇಡ, ವಿಳಾಸ ಬೇಡ, ಹಾಡುವವನಿಗೆ ಓದು ಬರಬೇಕೆಂದೂ ಇಲ್ಲ. ಅಲ್ಲಿನವರು ಅಕ್ಷರವನ್ನು ಒಡೆದು ದಾಟಿದ ಗೋಡೆಯನ್ನು ಇಲ್ಲಿ ಗಂಟಲು ದಾಟಿತು. ಎರಡೂ ಅಪ್ಪಣೆ ಕೇಳದ ದಾರಿಗಳೇ. ಒಂದನ್ನು 'ಪ್ರಯೋಗ' ಎಂದೂ ಇನ್ನೊಂದನ್ನು ಬರೀ 'ಘೋಷಣೆ' ಎಂದೂ ವಿಂಗಡಿಸುವ ಸೌಂದರ್ಯಮೀಮಾಂಸೆ ಯಾರದು?

ಆದ್ದರಿಂದ ದಲಿತ ವಿಮರ್ಶೆ 'ಇದು ಕಾವ್ಯವೇ?' ಎಂಬ ಹಳೆಯ ಪ್ರಶ್ನೆಯನ್ನು ಪಂಡಿತರಿಗೇ ಬಿಟ್ಟುಬಿಡಲಿ. ಯಾರ ಅಪ್ಪಣೆ ಇಲ್ಲದೆ ಇದು ಯಾರನ್ನು ತಲುಪಿತು, ಯಾರನ್ನು ತಲುಪಲಿಲ್ಲ ಅಂತ ಕೇಳಲಿ. ಇದೇ ಪ್ರಶ್ನೆಯನ್ನು ನಮ್ಮ ಪತ್ರಿಕೆಗಳಿಗೆ, ನಮ್ಮ ಕವಿಗೋಷ್ಠಿಗಳಿಗೆ, ನಮ್ಮದೇ ಸಂಕಲನಗಳಿಗೂ ಹಾಕಬೇಕಾಗುತ್ತದೆ. ಅಲ್ಲೂ ಆಯ್ಕೆ ಮಾಡೋರು ಕೂತಿದ್ದಾರೆ. ಕೇರಿಯ ಹೆಣ್ಣುಮಕ್ಕಳ ಎಷ್ಟು ಬರಹಗಳು ಅವರ ಮೇಜಿನ ತನಕ ಬಂದಿವೆ, ಬಂದವು ಏನಾದವು ಅನ್ನುವ ಲೆಕ್ಕವನ್ನು ನಾವೇ ಕೊಡಬೇಕು.